ಸುಂಕಮ್ಮ ಆರಿಸಿದ ಮರಿ

ಕೂಡ್ಲಿಗಿಯ ದನದ ಆಸ್ಪತ್ರೆಯಲ್ಲಿ ಹಾಲೇಶಪ್ಪನ ಹೆಸರು ಗೊತ್ತಾಗುವ ಮೊದಲೇ, ಅವನು ನಾಯಿಗೆ ಬಣ್ಣ ಬಳಿದ ಸುದ್ದಿ ಎಲ್ಲರಿಗೂ ಗೊತ್ತಾಗಿತ್ತು. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ದಿನಗೂಲಿಯ ಮೇಲೆ ಸೇರಿದ್ದ. ಕುರಿಗಳಿಗೆ ಸೂಜಿ ಚುಚ್ಚುವುದು ಕಾಂಪೌಂಡರ್ ಕೆಲಸ. ಚುಚ್ಚಿಸಿಕೊಂಡ ಕುರಿಯ ಬೆನ್ನಿಗೆ ಕೆಂಪು ಬಣ್ಣ ಬಳಿಯುವುದು ಇವನದು. ಹಡಗಲಿಯಲ್ಲಿ ಮನೆಯವರು ಮಾತ್ರ “ನಮ್ಮ ಹುಡುಗ ಡಾಕ್ಟ್ರ ಜೋಡಿ ಅದಾನ” ಎಂದು ಹೇಳಿಕೊಳ್ಳುತ್ತಿದ್ದರು. ಇವನೂ ತಿದ್ದಲು ಹೋಗಿರಲಿಲ್ಲ.

ಮೊದಲ ದಿನ, ಇನ್ನೂ ಮಬ್ಬು ಬೆಳಕು. ಸುಂಕಮ್ಮನ ಕುರಿಹಟ್ಟಿಯಲ್ಲಿ ಕರಿಕುರಿಗಳ ನಡುವೆ ಮುದುಡಿ ಮಲಗಿದ್ದ ಒಂದರ ಬೆನ್ನಿಗೆ ಶ್ರದ್ಧೆಯಿಂದ ಬಣ್ಣ ಎಳೆದ. ಅದು ಎದ್ದು ಆಕಳಿಸಿತು. ಹಲ್ಲು ಕಂಡ ಮೇಲೆಯೇ ಅವನಿಗೆ ಅನುಮಾನ ಬಂದದ್ದು. ಡಬ್ಬಿ ಬಿಸಾಕಿ ಮುಳ್ಳುಬೇಲಿ ಹಾರಿದ. ನಾಯಿ ಅವನ ಕಡೆ ನೋಡಲೂ ಇಲ್ಲ, ಮತ್ತೆ ಕುರಿಗಳ ನಡುವೆಯೇ ಹೋಗಿ ಬಿದ್ದುಕೊಂಡಿತು.

“ಹೋಗ್ಲಿ ಬಿಡೋ ತಮ್ಮಾ,” ಸುಂಕಮ್ಮ ಕಣ್ಣೀರು ಬರುವಷ್ಟು ನಕ್ಕಳು. “ಅದೂ ತಾನು ಕುರೀನ ಅಂತ ತಿಳಕಂಡೈತಿ.”

ಸುಂಕಮ್ಮನ ಗಂಡ ತೀರಿ ಬಹಳ ಕಾಲವಾಗಿತ್ತು. ಮಕ್ಕಳಿರಲಿಲ್ಲ. ಮೈದುನನ ಮಕ್ಕಳು ತಮ್ಮ ಪಾಲಿನ ಕುರಿ ಮಾರಿ ಹೊಸಪೇಟೆಯಲ್ಲಿ ಪಗಾರದ ಕೆಲಸ ಹಿಡಿದಿದ್ದರು. ದಿನವಿಡೀ ದೂರದ ಕುರಿಗಳನ್ನು ಕೂಗಿ ರೂಢಿಯಾಗಿ, ಎದುರಿಗೆ ಕೂತವನ ಜೊತೆಗೂ ಆಕೆ ಗುಡ್ಡದಾಚೆ ಕೇಳುವಂತೆ ಮಾತಾಡುತ್ತಿದ್ದಳು. ಸೂಜಿಯವರು ಬಂದಾಗಲೆಲ್ಲ ಒಂದು ಕುರಿ ಹೇಗೋ ತಪ್ಪಿಸಿಕೊಂಡಿರುತ್ತಿತ್ತು. “ನಾಳಿ ಬರ್ರಿ, ಹಿಡದು ಕಟ್ಟಿರ್ತೀನಿ.” ಕಾಂಪೌಂಡರ್ ಬೈದುಕೊಳ್ಳುತ್ತಲೇ ಇವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಮರುದಿನ ಹೋಗುತ್ತಿದ್ದ. ಕುರಿ ಕಟ್ಟಿರುತ್ತಿತ್ತು, ಒಲೆಯ ಮೇಲೆ ಚಹಾ ಕುದಿಯುತ್ತಿರುತ್ತಿತ್ತು. ಆ ಕುರಿ ಯಾಕೆ ತಪ್ಪಿಸಿಕೊಳ್ಳುತ್ತಿತ್ತು ಎಂಬುದು ಹಾಲೇಶಪ್ಪನಿಗೆ ಹೊಳೆಯಲು ಎರಡು ವರ್ಷ ಬೇಕಾಯಿತು. ತಲೆ ಅಷ್ಟು ಚುರುಕು.

ಅಷ್ಟರಲ್ಲಿ ಆ ನಾಯಿಯನ್ನು ತೋಳ ಹರಿದು ಹಾಕಿತು. ಅದರ ಹಿಂದೆಯೇ ಕುರಿಮರಿಗಳೂ ತೋಳನ ಬಾಯಿಗೆ ಹೋಗತೊಡಗಿದವು. “ಕುರಿ ಮಾರಿ ಬಂದುಬಿಡು, ಮನಿ ಕಾಯ್ಕಂಡಿರು” ಎಂದು ಮೈದುನನ ಮಕ್ಕಳು ಹೊಸಪೇಟೆಯಿಂದ ಹೇಳಿ ಕಳಿಸಿದರು. ಸುಂಕಮ್ಮ ಕೋಲು ಹಿಡಿದು ಆಸ್ಪತ್ರೆಗೇ ಬಂದಳು.

“ಕೊಟ್ಟೂರಿನ ಗಂಗಪ್ಪನ ಹಟ್ಟ್ಯಾಗ ನಾಯಿ ಮರಿ ಹಾಕೈತಂತ. ಜೋಡಿ ಬಾರೋ ತಮ್ಮಾ. ಅದು ದೊಡ್ಡದಾಗೋತನ ನಾನೇ ಬೆಂಕಿ ಹಾಕ್ಕಂಡು ಕಾಯ್ತೀನಿ. ಆರಿಸೋದು ತಪ್ಪಿದ್ರ ಮಾತ್ರ ನನ್ನ ಕುರಿ ಉಳಿಯಂಗಿಲ್ಲ.”

ಗಂಗಪ್ಪನ ಹಟ್ಟಿಯಲ್ಲಿ ನಾಲ್ಕು ಮರಿಗಳಿದ್ದವು. ಹಾಲೇಶಪ್ಪ ಮೆಚ್ಚಿದ ಗಟ್ಟಿಮುಟ್ಟಾದ ಮರಿ ಬಿಟ್ಟ ಕೂಡಲೇ ಕುರಿಮರಿಯ ಕಿವಿಗೆ ಬಾಯಿ ಹಾಕಿತು. “ಇದು ತೋಳನ ತಮ್ಮ,” ಎಂದು ಸುಂಕಮ್ಮ ಕೋಲಿನಿಂದ ಆಚೆ ತಳ್ಳಿದಳು. ಆಕೆ ತಟ್ಟೆ ಬಡಿದ ಸದ್ದಿಗೆ ಇನ್ನೊಂದು ಹೊರಸಿನ ಕೆಳಗೆ ಸೇರಿತು. ಮೂರನೆಯದು ನೆಟ್ಟಗೆ ಬಂದು ಆಕೆಯ ಮಡಿಲು ಹತ್ತಿ, ಸೆರಗಿನೊಳಗೆ ಮೂತಿ ತೂರಿಸಿ ನಿದ್ದೆ ಹೋಯಿತು.

ಸುಂಕಮ್ಮ ಮಾತು ನಿಲ್ಲಿಸಿದಳು. ಆಕೆ ಸುಮ್ಮನಿದ್ದದ್ದನ್ನು ಹಾಲೇಶಪ್ಪ ನೋಡಿದ್ದು ಅದೇ ಮೊದಲು. ಒರಟು ಕೈ ಮರಿಯ ಬೆನ್ನ ಮೇಲೆ ಹಾಗೇ ಇತ್ತು.

“ಅದನ್ನಾ ಒಯ್ಯಿ ಯಕ್ಕಾ, ನಿನಗೊಂದು ಜೊತಿ ಆಕ್ಕತಿ,” ಅಂದ ಗಂಗಪ್ಪ.

ಆಕೆ ನಾಲ್ಕನೆಯದನ್ನು ನೋಡುತ್ತಿದ್ದಳು. ಅದು ಕುರಿಮರಿಯೊಂದರ ಬಾಯಿ ನೆಕ್ಕಿ, ಅದರ ಹೊಟ್ಟೆಗೆ ಒರಗಿ ಮಲಗಿತ್ತು. ಕರೆದರೆ ಬರಲಿಲ್ಲ. ರೊಟ್ಟಿ ತೋರಿಸಿದರೆ ಕಣ್ಣು ತೆರೆದು ಮತ್ತೆ ಮುಚ್ಚಿತು. ಸುಂಕಮ್ಮ ಸೆರಗಿಗೆ ಸಿಕ್ಕಿಕೊಂಡಿದ್ದ ಉಗುರುಗಳನ್ನು ಒಂದೊಂದಾಗಿ ಬಿಡಿಸಿ, ಮಡಿಲಿನ ಮರಿಯನ್ನು ಕೆಳಗಿಳಿಸಿದಳು.

ವಾಪಸು ಬರುವ ಬಸ್ಸಿನಲ್ಲಿ ನಾಲ್ಕನೆಯ ಮರಿ ಆಕೆಯ ಕಡೆ ಬೆನ್ನು ಮಾಡಿ, ಬಿಟ್ಟುಬಂದ ಕುರಿಗಳಿಗಾಗಿ ಕುಂಯ್‌ಗುಟ್ಟುತ್ತಿತ್ತು. ಕೇಳಬಾರದ್ದನ್ನು ಕೇಳುವ ಚಟ ಹಾಲೇಶಪ್ಪನಿಗೆ ಮೊದಲಿನಿಂದಲೂ ಇತ್ತು.

“ಯಮ್ಮಾ, ನಿನಗಂತೂ ಯಾರೂ ಇಲ್ಲ. ತಾನಾಗೇ ಮಡಿಲಿಗೆ ಬಂದಿದ್ದನ್ನ ಯಾಕ ಬಿಟ್ಟಿ?”

ಸುಂಕಮ್ಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಇಡೀ ಬಸ್ಸಿಗೆ ಕೇಳುವಂತೆ ಅಂದಳು:

“ತೋಳ ನನ್ನ ತಿನ್ನಾಕ ಬರತೈತೇನಲೇ?”