ಸೆರಗಿನಲ್ಲಿ ಒರೆಸಿದ ಹೂ

ಸರ್ಕಾರ ಬದಲಾದ ವರ್ಷ ನಮ್ಮೂರಿನ ಹಾಲಿನ ಡೇರಿ ಮುಂದಿನ ಕಲ್ಲುಬೆಂಚಿನ ಮೇಲೆ ಧರ್ಮ ಭಾರೀ ಅಪಾಯದಲ್ಲಿತ್ತು. ಬೆಳಗ್ಗೆ ಹಾಲು ಹಾಕಿ, ಖಾಲಿ ಕ್ಯಾನು ಪಕ್ಕಕ್ಕಿಟ್ಟುಕೊಂಡು ಕೂತ ಐದಾರು ಗಂಡಸರು ಬಿಸಿಲೇರುವವರೆಗೂ ಅದನ್ನು ಕಾಪಾಡುತ್ತಿದ್ದರು. ನಾನು ಚನ್ನಗಿರಿಯಲ್ಲಿ ಶಾಲೆ ಟೀಚರು. ರಜೆ ಸಿಕ್ಕಾಗ ನ್ಯಾಮತಿ ಹತ್ತಿರದ ನಮ್ಮೂರಿಗೆ ಹೋಗುತ್ತೇನೆ. ಬಸ್ಸಿಳಿದರೆ ಮೊದಲು ಸಿಗುವುದೇ ಆ ಬೆಂಚು. ಹಾಗಾಗಿ ದೇಶ ಎಷ್ಟು ಕೆಟ್ಟಿದೆ ಎಂಬುದು ಮನೆ ತಲುಪುವ ಮೊದಲೇ ನನಗೆ ತಿಳಿದುಬಿಡುತ್ತಿತ್ತು.

ಬೆಂಚಿನ ಹಿರಿಯರು ನಮ್ಮ ದೊಡ್ಡಪ್ಪ, ಊರಮ್ಮನ ಗುಡಿಯ ಪೂಜಾರಿ. ಅವರ ಮೊಬೈಲಿಗೆ ಬರುವ ಸಂದೇಶಗಳಲ್ಲಿ ದೇಶ ವಾರಕ್ಕೆರಡು ಸಲ ಮುಳುಗುತ್ತಿತ್ತು. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು ಬಂದಾಗ ಧರ್ಮ ಅರ್ಧ ಹೋಯಿತಂತೆ, ಪಂಚಾಯ್ತಿ ಕುರ್ಚಿ ಹೆಂಗಸರಿಗೆ ಬಂದಾಗ ಮುಕ್ಕಾಲು ಹೋಯಿತಂತೆ, ಈಗ ಕೆಂಪು ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ ಎಂದ ಮೇಲೆ ಉಳಿದದ್ದೂ ಹೋಯಿತಂತೆ. ಪಂಚಾಯ್ತಿ ಕುರ್ಚಿಯಲ್ಲಿ ನಿಜವಾಗಿ ಕೂರುತ್ತಿದ್ದವನು ಅಧ್ಯಕ್ಷೆಯ ಗಂಡ. ಅವನೂ ಅದೇ ಬೆಂಚಿನ ಮೇಲೆ ಕೂತು ಹೌದು ಹೌದು ಎಂದು ತಲೆಯಾಡಿಸುತ್ತಿದ್ದ.

ಬಸ್ಸು ಫ್ರೀ ಆದದ್ದೇ ತಡ, ಊರ ಹೆಂಗಸರು ಗುಂಪು ಕಟ್ಟಿಕೊಂಡು ಹೊರಟರು. ಹೋಗುತ್ತಿದ್ದದ್ದಾದರೂ ಎಲ್ಲಿಗೆ? ದೇವಸ್ಥಾನಗಳಿಗೆ. ಧರ್ಮ ಕಾಪಾಡುವವರಿಗೆ ಇದರಿಂದ ಸಂತೋಷವಾಗಬೇಕಿತ್ತು. ಆದರೆ ಅವರಲ್ಲೊಬ್ಬರು ಎರಡು ದಿನ ಮೂರು ಹೊತ್ತೂ ಖಾರಮಂಡಕ್ಕಿ ತಿಂದು ಕಳೆದಿದ್ದರು, ಇನ್ನೊಬ್ಬರಿಗೆ ಒಲೆ ಹಚ್ಚಲು ಬೆಂಕಿಪೊಟ್ಟಣ ಎಲ್ಲಿದೆ ಎಂದೇ ತಿಳಿದಿರಲಿಲ್ಲ. ರೊಟ್ಟಿ ಬಡಿಯುವವರು ಮನೆಯಲ್ಲಿಲ್ಲ ಎಂದು ಬಾಯಿಬಿಟ್ಟು ಹೇಳಲು ಗಂಡಸರಿಗೆ ನಾಚಿಕೆ. ಅದಕ್ಕೆ ಸಂಸ್ಕೃತಿ ಹಾಳಾಗುತ್ತಿದೆ ಎನ್ನುತ್ತಿದ್ದರು.

ನಮ್ಮೂರಿನಲ್ಲಿ ಯಾವುದೇ ದೊಡ್ಡ ವಿಷಯ ತೀರ್ಮಾನವಾಗಬೇಕಾದರೆ ಶುಕ್ರವಾರ ಊರಮ್ಮನಲ್ಲಿ ಹೂ ಕೇಳುತ್ತಾರೆ. ವಿಗ್ರಹದ ಎಡಬಲ ಭುಜಕ್ಕೆ ಒಂದೊಂದು ಒದ್ದೆ ಕಣಗಿಲೆ ಹೂ ಅಂಟಿಸಿ, ಪ್ರಶ್ನೆ ಹೇಳಿ, ಕೈಮುಗಿದು ಕಾಯುವುದು. ಬಲದ ಹೂ ಮೊದಲು ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಇಲ್ಲ. ಗರ್ಭಗುಡಿಯೊಳಗೆ ದೊಡ್ಡಪ್ಪ ಮಾತ್ರ ಹೋಗಬೇಕು. ಹೂ ಕೊಯ್ದು, ನೀರಲ್ಲಿ ನೆನೆಸಿ, ಬಲದ್ದು ಬಲಕ್ಕೆ ಎಡದ್ದು ಎಡಕ್ಕೆ ತಟ್ಟೆಯಲ್ಲಿಟ್ಟು ಹೊಸ್ತಿಲಿಗೆ ತಂದುಕೊಡುವುದು ದೊಡ್ಡಮ್ಮನ ಕೆಲಸ. ಹೊಸ್ತಿಲು ದಾಟಲು ಅವರಿಗೆ ಅನುಮತಿಯಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ನಾನೂ ದೊಡ್ಡಮ್ಮನೂ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ನನ್ನನ್ನು ಹೊನ್ನಾಳಿ ಕಾಲೇಜಿಗೆ ಕಳಿಸಬೇಕೋ ಬೇಡವೋ ಎಂದು ಹೂ ಕೇಳಿದಾಗ ಬಲದ್ದು ಬಿದ್ದದ್ದನ್ನು ನೆನೆದು, ಅಮ್ಮನಿಗೆ ನನ್ನ ಮೇಲೆ ಪ್ರೀತಿ ಎಂದೆ. ದೊಡ್ಡಮ್ಮ ನಗಲು ಶುರು ಮಾಡಿದರು. ಚೆನ್ನಾಗಿ ನೆನೆದ ಹೂ ಕಲ್ಲಿಗೆ ಕಚ್ಚಿಕೊಂಡು ಕೂರುತ್ತದಂತೆ. ಅದರ ಹಿಂಭಾಗವನ್ನು ಸೆರಗಿನಲ್ಲಿ ಮೆಲ್ಲಗೆ ಒರೆಸಿದರೆ ಕ್ಷಣದಲ್ಲಿ ಜಾರುತ್ತದಂತೆ. ಅವತ್ತು ಅವರು ಬಲದ ಹೂ ಒರೆಸಿದ್ದರು. ನನ್ನ ಓದು, ನನ್ನ ಕೆಲಸ, ನಾನು ಉಡುವ ಸೀರೆ, ಎಲ್ಲವೂ ಆ ಒಂದು ಹೂ ಒರೆಸಿದ್ದರಿಂದ ಬಂದದ್ದು. ನನಗೆ ಅಳು ಬಂತು, ಅವರಿಗೆ ನಗು ನಿಲ್ಲಲಿಲ್ಲ.

ಆಮೇಲೆ ಉಳಿದದ್ದೂ ಹೊರಬಿತ್ತು. ಕುಡುಕನಿಗೆ ಹೆಣ್ಣು ಕೊಡುವುದನ್ನು ಅಮ್ಮ ಎರಡು ಸಲ ತಡೆದಿದ್ದಳು. ಶಾಲೆಗೆ ಜಾಗ ಬಿಡಿಸಿದ್ದೂ ಅಮ್ಮನೇ. ಚುನಾವಣೆ ಬಂದಾಗ ಬೆಂಚಿನವರು ಯಾರಿಗೆ ವೋಟು ಹಾಕಬೇಕೆಂದು ಗುಟ್ಟಾಗಿ ಹೂ ಕೇಳುತ್ತಿದ್ದರು. ಹೆಂಗಸರ ಕೈಗೆ ಅಧಿಕಾರ ಹೋದರೆ ದೇಶ ಉಳಿಯುವುದಿಲ್ಲ ಎನ್ನುವ ಈ ಮಹಾಶಯರು ಇಪ್ಪತ್ತು ವರ್ಷ ದೊಡ್ಡಮ್ಮನ ಸೆರಗು ಹೇಳಿದವರಿಗೆ ವೋಟು ಒತ್ತಿ ಬಂದಿದ್ದರು. ಇದನ್ನು ನೆನೆದುಕೊಂಡೇ ನಾನು ಎಷ್ಟೋ ಸಲ ಆ ಬೆಂಚಿನ ಮುಂದೆ ನಗು ತಡೆದುಕೊಂಡು ಹಾದುಹೋಗಿದ್ದೇನೆ.

ದೊಡ್ಡಮ್ಮನ ತವರು ಜಗಳೂರು ಕಡೆ. ಅಲ್ಲಿ ಅವರ ಅಕ್ಕ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಮಾತು ನಿಂತಿತ್ತು, ಮುಖ ನೋಡಿದರೆ ಗುರುತು ಹಿಡಿಯುತ್ತಿದ್ದರು, ಅದೂ ಎಷ್ಟು ದಿನವೋ. ಭತ್ತದ ಕೊಯ್ಲು ಮುಗಿಯಲಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ದೊಡ್ಡಪ್ಪ ಮುಂದೂಡುತ್ತಿದ್ದರು. ಒಬ್ಬಳೇ ಬಸ್ಸಿನಲ್ಲಿ ಹೋಗಿಬರುತ್ತೇನೆ ಎಂದು ದೊಡ್ಡಮ್ಮ ಹೇಳಿದ್ದು ಹೇಗೋ ಬೆಂಚಿಗೆ ಮುಟ್ಟಿತು. ಪೂಜಾರಿ ಮನೆಯವಳೇ ಹೀಗೆ ಹೊರಟರೆ ಊರ ಗತಿ ಏನು ಎಂದು ಗಂಡಸರು ಕೇಳಿದರು. ಕೊನೆಗೆ ಶುಕ್ರವಾರ ಹೂ ಕೇಳುವುದೆಂದಾಯಿತು. ಗಂಡಸಿನ ಜೊತೆ ಇಲ್ಲದೆ ಹೆಂಗಸರು ಬಸ್ಸು ಹತ್ತಬಹುದೋ ಇಲ್ಲವೋ, ಅಮ್ಮನೇ ಹೇಳಲಿ.

ಅವತ್ತು ನಾನು ಊರಲ್ಲೇ ಇದ್ದೆ. ಮೊಗ ತುಂಬ ನಗು ಇಟ್ಟುಕೊಂಡು ಹಿತ್ತಲಿಗೆ ಹೋದರೆ, ದೊಡ್ಡಮ್ಮ ಎರಡೂ ಹೂಗಳನ್ನು ಒಂದೇ ಬಟ್ಟಲಲ್ಲಿ ನೆನೆಹಾಕಿ ಸುಮ್ಮನೆ ನಿಂತಿದ್ದರು. ಬಲದ್ದು ಒರೆಸಲಿಲ್ಲವಾ ಎಂದು ಪಿಸುಗುಟ್ಟಿದೆ.

"ಊರೋರ ವಿಷ್ಯ ಆಗಿದ್ರೆ ಒರೆಸ್ತಿದ್ದೆ ಕಣವ್ವ," ಎಂದರು. "ಇದು ನನ್ ಸ್ವಂತದ್ದು. ನನಗೆ ನಾನೇ ಹೂ ಕೊಟ್ಕಂಡು ಅಮ್ಮನ ಮುಖ ಹೆಂಗೆ ನೋಡಾಕೆ ಆಗ್ತೈತೆ?"

ಹಾಗೆಂದು, ಹೂವಿಟ್ಟ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ನೀನೇ ತಗೊಂಡು ಹೋಗು ಎಂದರು. ಅವರು ಯಾರ ಕೈಗೂ ಆ ತಟ್ಟೆ ಕೊಟ್ಟವರಲ್ಲ. ಕಾಲುನೋವಿರಬೇಕು ಅಂದುಕೊಂಡೆ. ಮನೆಯಿಂದ ಗುಡಿಗೆ ಒಂದು ಓಣಿಯ ದೂರ. ನನ್ನ ಮೈಮೇಲೂ ಸೀರೆ ಇತ್ತು, ಅದಕ್ಕೂ ಸೆರಗಿತ್ತು. ಒರೆಸಲೇ ಎಂದು ಒಂದು ಸಲ ಅನ್ನಿಸಿತು. ಆದರೆ ನಾನು ಓದಿದವಳು ನೋಡಿ, ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಇಂಥ ಮೂಢನಂಬಿಕೆಯಲ್ಲಿ ನಾನ್ಯಾಕೆ ಕೈಹಾಕಲಿ ಎಂದು ತಟ್ಟೆಯನ್ನು ಹಾಗೆಯೇ ಹೊಸ್ತಿಲಲ್ಲಿಟ್ಟೆ.

ಎಡದ ಹೂ ಬಿತ್ತು. ಬೆಂಚಿನವರು ಗುಡಿಯ ಗಂಟೆ ಹೊಡೆದರು. ದೊಡ್ಡಪ್ಪ ಕರ್ಪೂರ ಹಚ್ಚುವಾಗ ಅವರ ಮುಖದಲ್ಲಿದ್ದ ಗೆಲುವನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ನಾನೇ ಜಗಳೂರಿಗೆ ಕರೆದುಕೊಂಡು ಹೋಗುತ್ತೇನೆ ಬನ್ನಿ ಎಂದು ದೊಡ್ಡಮ್ಮನ ಕೈ ಹಿಡಿದೆ. ಅಮ್ಮ ಬೇಡ ಅಂದಿದ್ದಾಳೆ ಎಂದು ಅವರು ಕೈ ಬಿಡಿಸಿಕೊಂಡರು. ಆ ಊರಿನಲ್ಲಿ ಅಮ್ಮನನ್ನು ನಿಜವಾಗಿ ನಂಬಿದ್ದವರು ಅವರೊಬ್ಬರೇ ಎಂದು ನನಗೆ ಆಗ ಗೊತ್ತಾಯಿತು.

ಕೊಯ್ಲು ಮುಗಿಯುವ ಮುಂಚೆಯೇ ಜಗಳೂರಿನಿಂದ ಫೋನು ಬಂತು. ದೊಡ್ಡಮ್ಮ ಹೋದದ್ದು ಅಕ್ಕನ ಮಣ್ಣಿಗೆ. ನಿಯಮದ ಪ್ರಕಾರ ಪಕ್ಕದಲ್ಲಿ ದೊಡ್ಡಪ್ಪ ಇದ್ದರು.

ತಿರುಗಿ ಬಂದ ಮೇಲೆ ದೊಡ್ಡಮ್ಮ ಹೂ ಕೊಯ್ಯುವುದನ್ನು ಬಿಟ್ಟರು. ನೀವೇ ಕೊಯ್ದುಕೊಳ್ಳಿ ಎಂದರು, ಕಾರಣ ಹೇಳಲಿಲ್ಲ. ದೊಡ್ಡಪ್ಪ ಕೊಡದಲ್ಲಿ ಹೂ ಮುಳುಗಿಸಿ ತಂದು ಅಂಟಿಸುತ್ತಾರೆ. ಎರಡೂ ಕಚ್ಚಿಕೊಂಡು ಕೂತುಬಿಡುತ್ತವೆ. ಗಂಡಸರು ಮಂಡಿ ನೋಯುವವರೆಗೆ ನಿಂತು, ಕೊನೆಗೆ ಊಟಕ್ಕೆ ಹೋಗುತ್ತಾರೆ. ಅಮ್ಮ ಮಾತು ಬಿಟ್ಟಿರುವುದಕ್ಕೆ ಹೊಸ ಸರ್ಕಾರವೇ ಕಾರಣ ಎಂದು ಬೆಂಚು ತೀರ್ಮಾನಿಸಿದೆ. ಅಧರ್ಮ ಹೆಚ್ಚಾಗಿ ಮುನಿಸಿಕೊಂಡಿದ್ದಾಳಂತೆ. ಮುಂದಿನ ಚುನಾವಣೆಗೆ ಯಾರಿಗೆ ವೋಟು ಹಾಕುವುದೆಂದು ಅವರಿಗೆ ಈಗಲೇ ಚಿಂತೆ ಹತ್ತಿದೆ. ಬಸ್ಸಿನ ನಿಯಮವಂತೂ ಯಾರಿಗೂ ನೆನಪಿಲ್ಲ, ಅವರ ಹೆಂಡಂದಿರೇ ಅದನ್ನು ಒಂದು ತಿಂಗಳು ನಡೆಯಗೊಡಲಿಲ್ಲ.

ದೊಡ್ಡಮ್ಮ ಈಗ ಶುಕ್ರವಾರ ಕೆಂಪು ಬಸ್ಸು ಹತ್ತಿ ಒಬ್ಬರೇ ಚನ್ನಗಿರಿಗೆ ಬರುತ್ತಾರೆ. ಊರಲ್ಲಿ ಹೂ ಕೇಳುವ ಹೊತ್ತಿಗೆ ನನ್ನ ಮನೆಯಲ್ಲಿ ಕೂತು ಚಹಾ ಕುಡಿಯುತ್ತಾರೆ. ಮೊನ್ನೆ ಹಾಗೆ ಬಂದಾಗ ನನಗೆ ತಡೆಯಲಾಗಲಿಲ್ಲ. ಅವತ್ತು ತಟ್ಟೆ ನನ್ನ ಕೈಯಲ್ಲೇ ಇತ್ತು, ಒಂದು ಹೂ ಒರೆಸಬಹುದಿತ್ತು, ಒರೆಸಲಿಲ್ಲ ಎಂದು ಹೇಳಿಕೊಂಡೆ.

ಅವರು ಲೋಟ ಕೆಳಗಿಟ್ಟರು. ಸಿಟ್ಟೇನೂ ಇರಲಿಲ್ಲ.

"ನೀನು ಒರೆಸ್ತೀಯ ಅನ್ಕಂಡೇ ನಿನ್ ಕೈಗೆ ಕೊಟ್ಟಿದ್ದೆ ಕಣವ್ವ," ಎಂದರು.