ಕಾಯಿಸದ ಮೂರು ಸ್ಲೈಡುಗಳು

೧೯೯೮ರಲ್ಲಿ ನಾನು ತಿ. ನರಸೀಪುರದ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಕ್ಷಯದ ಅನುಮಾನವಿದ್ದವರ ಕಫವನ್ನು ಗಾಜಿನ ಸ್ಲೈಡಿಗೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುವುದು ನನ್ನ ಕೆಲಸ. ಮೊದಲು ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣ ಸುರಿದು, ಹಬೆಯೇಳುವಂತೆ ಕಾಯಿಸಿ, ಐದು ನಿಮಿಷ ಬಿಡಬೇಕು. ಈ ರೋಗಾಣುವಿಗೆ ಮೇಣದಂಥ ಹೊದಿಕೆ. ಬಿಸಿಯಿಲ್ಲದೆ ಬಣ್ಣ ಒಳಗಿಳಿಯುವುದಿಲ್ಲ. ಆಮೇಲೆ ಆಸಿಡ್ಡಿನಲ್ಲಿ ತೊಳೆದು ನೀಲಿ ಹಾಕಿದರೆ ಉಳಿದದ್ದೆಲ್ಲ ನೀಲಿ, ರೋಗಾಣು ಮಾತ್ರ ಕೆಂಪು ಕಡ್ಡಿ.

ಇದನ್ನು ನನಗೆ ಕೈಹಿಡಿದು ಕಲಿಸಿದವರು ನಂಜನಗೂಡು ತಾಲ್ಲೂಕಿನ ಇನ್ನೊಂದು ಲ್ಯಾಬಿನ ಹಿರಿಯ ಟೆಕ್ನಿಷಿಯನ್ ಮಾದಪ್ಪನವರು. ಅವರ ಸಹಿಯೆಂದರೆ ನನಗೆ ವೇದವಾಕ್ಯ.

ಚಿಕ್ಕತಾಯಮ್ಮ ಎಂಬ ಬಾಣಂತಿ ಅದೇ ತಾಲ್ಲೂಕಿನ ಹುಲ್ಲಹಳ್ಳಿ ಕಡೆಯ ತವರಿನಿಂದ ಬರುವಾಗ ಅದೇ ಸಹಿಯ ಚೀಟಿ ತಂದಿದ್ದಳು. ಮೂರು ಸಲವೂ ನೆಗೆಟಿವ್.

"ಕೆಮ್ಮಿ ಕೆಮ್ಮಿ ಎದೆ ಅರ್ದೋಯ್ತದೆ ಸಾ. ಇನ್ನೊಂದ್ಸಲ ನೋಡಿ, ಮಗೀಗೆ ಆಲು ಕುಡುಸ್ತಿವ್ನಿ" ಎಂದು ಗೋಗರೆದಳು.

"ಮಾದಪ್ಪನೋರೇ ನೋಡಾಯ್ತಲ್ಲಮ್ಮಾ, ಇನ್ನೇನು?" ಎಂದು ವಾಪಸ್ ಕಳಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಎರಡು ತಿಂಗಳಿಗೆ ಸೆರಗಿನಲ್ಲಿ ರಕ್ತದ ಕಲೆಯೊಂದಿಗೆ ಬಂದಳು. ಕಂಕುಳಲ್ಲಿದ್ದ ಮಗುವೂ ಕೆಮ್ಮುತ್ತಿತ್ತು. ಅವಳ ಕಫ ನೋಡಿದರೆ ತುಂಬ ಕೆಂಪು ಕಡ್ಡಿಗಳು.

ಮರುದಿನವೇ ಬಸ್ಸು ಹತ್ತಿ ಮಾದಪ್ಪನವರ ಲ್ಯಾಬಿಗೆ ಹೋದೆ. ನೋಡಿದ ಸ್ಲೈಡುಗಳನ್ನು ಮರುಪರೀಕ್ಷೆಗೆಂದು ಪೆಟ್ಟಿಗೆಯಲ್ಲಿ ಇಡುವುದು ನಿಯಮ. ಅವಳ ಮೂರನ್ನೂ ಹುಡುಕಿ ತೆಗೆದು ನೋಡಿದರೆ ಒಂದು ಕೆಂಪು ಕಡ್ಡಿಯೂ ಕಾಣಲಿಲ್ಲ. ಅವರೆದುರೇ ಮತ್ತೆ ಬಣ್ಣ ಹಾಕಿ ಕಾಯಿಸಿದೆ. ಈಗ ಮೂರರಲ್ಲೂ ರೋಗಾಣು ಕಂಡಿತು.

"ನೀವು ಕಾಯಿಸೇ ಇರ್ಲಿಲ್ವಾ ಸಾರ್?"

"ಇಷ್ಟೊಂದು ಸ್ಲೈಡ್ ಬತ್ತವೆ, ಒಂದೊಂದನ್ನೂ ಯಾವನ್ಲಾ ಕಾಯಿಸ್ಕೊಂಡು ಕೂತಾನು? ಹತ್ರಲ್ಲಿ ಒಂಬತ್ತು ಹೆಂಗಿದ್ರೂ ನೆಗೆಟಿವ್ವೇ ಕಣ್ಲಾ. ದೊಡ್ಡದು ಮಾಡ್ಬೇಡ."

"ಕಾಯಿಸ್ದೆ ನೋಡೋದು ಪಾಪ ಅಂತ ನಂಗೆ ಹೇಳ್ಕೊಟ್ಟಿದ್ದು ನೀವಲ್ವಾ?"

ಅವರು ಕನ್ನಡಕ ಒರೆಸುತ್ತಾ ಕೂತರು. ನನಗೆ ಅಳುವೂ ಬಂತು, ಕೆನ್ನೆಗೆ ಬಾರಿಸುವಷ್ಟು ಸಿಟ್ಟೂ ಬಂತು. ನಂಬಿಸಿ ಕತ್ತು ಕುಯ್ದರು ಎನ್ನುವುದು ಇದಕ್ಕೇ. ಮೇಲಧಿಕಾರಿಗಳಿಗೆ ಬರೆದುಕೊಟ್ಟೆ, ಅಲ್ಲಿಗೆ ನಮ್ಮಿಬ್ಬರ ಮಾತು ನಿಂತಿತು.

ತಾಯಿಗೂ ಮಗುವಿಗೂ ಮಾತ್ರೆ ಶುರುವಾಯಿತು. ಎರಡು ತಿಂಗಳ ನಂತರ ಚಿಕ್ಕತಾಯಮ್ಮನ ಕಫವನ್ನು ಮತ್ತೆ ಪರೀಕ್ಷಿಸಿದೆ. ಎಷ್ಟು ಹುಡುಕಿದರೂ ಒಂದು ಕೆಂಪು ಕಡ್ಡಿಯಿಲ್ಲ. ಸಂತೋಷದಿಂದ ಹೊರಗೆ ಬಂದು, "ನೆಗೆಟಿವ್ ಕಣಮ್ಮಾ!" ಎಂದೆ.

ಅವಳ ಮುಖ ಅರಳಲಿಲ್ಲ. ಮಗುವನ್ನು ಇನ್ನಷ್ಟು ಅವಚಿಕೊಂಡಳು.

"ಮೊದ್ಲೂ ಅಂಗೇ ಅಂದಿದ್ರಲ್ಲ ಸಾ. ಈಗ ನಂಬ್ಲಾ?"

ಒಂದು ಸುಳ್ಳು ರಿಪೋರ್ಟು ಅದರ ಹಿಂದೆ ಬರುವ ನಿಜವನ್ನೂ ತಿಂದುಹಾಕುತ್ತದೆ ಎಂದು ನನಗೆ ಕಲಿಸಿದವಳು ಅವಳು.