ರಾಹುಕಾಲಕ್ಕೆ ಮುಂಚೆ ಕಿತ್ತ ಪ್ಲಗ್ಗು

ಅದು ಶುಕ್ರವಾರವೇ ಇರಬೇಕು. ಹತ್ತೂವರೆಗೆ ರಾಹುಕಾಲ ಹಿಡಿಯುತ್ತಿತ್ತು ಎಂದು ಆ ಹೆಂಗಸು ಹೇಳಿದ್ದು ನೆನಪಿದೆ. ಹತ್ತೂವರೆಯ ರಾಹುಕಾಲ ಶುಕ್ರವಾರದ್ದು. ನನ್ನ ದಿನಚರಿಯಲ್ಲಿ ‘ಹೊನ್ನಾಳಿಯಲ್ಲಿ ಚಾರ್ಜಿಂಗ್, ತಡ’ ಎಂದಷ್ಟೇ ಇದೆ. ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ಮಾತುಗಳು ಅಕ್ಷರಶಃ ಇವೇ ಎಂದು ಹೇಳಲಾರೆ.

ನನ್ನ ಮನೆ ಚನ್ನಗಿರಿಯಲ್ಲಿ, ಮಹಡಿ ಮೇಲಿನ ಬಾಡಿಗೆ ಮನೆ. ಕಾರು ನಿಲ್ಲುವುದು ಬೀದಿಯಲ್ಲಿ. ಮೇಲಿನಿಂದ ವೈರು ಇಳಿಬಿಟ್ಟು ಚಾರ್ಜ್ ಮಾಡಿಕೊಳ್ಳುತ್ತೇನೆಂದರೆ ಮನೆ ಮಾಲೀಕರು ಒಪ್ಪಲಿಲ್ಲ. ಕೆಲಸ ಜಗಳೂರಿನ ಕಾಲೇಜಿನಲ್ಲಿ, ಅಕ್ಕ ಇರುವುದು ನ್ಯಾಮತಿಯಲ್ಲಿ. ಈ ಮೂರು ಊರುಗಳ ನಡುವಿನ ಓಡಾಟಕ್ಕೆಂದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಕಾರು ಪ್ಲಗ್-ಇನ್ ಹೈಬ್ರಿಡ್. ಪ್ಲಗ್ಗು ಹಾಕಿ ಚಾರ್ಜ್ ಮಾಡಿದರೆ ಒಂದಷ್ಟು ದೂರ ಬ್ಯಾಟರಿಯಲ್ಲಿ ಓಡುತ್ತದೆ. ಅದು ಮುಗಿದರೆ ತಾನಾಗಿಯೇ ಪೆಟ್ರೋಲಿಗೆ ಹೊರಳುತ್ತದೆ. ಹಾಗಾಗಿ ಚಾರ್ಜಿಂಗ್ ಪಾಯಿಂಟ್ ಇಲ್ಲದಿದ್ದರೆ ನನ್ನ ಪ್ರಯಾಣವೇನೂ ನಿಲ್ಲುವುದಿಲ್ಲ. ಆದರೂ ಕಂಡಲ್ಲಿ ನಿಲ್ಲಿಸುತ್ತೇನೆ. ಪರಿಸರಕ್ಕಾಗಿ ಎಂದು ಕೇಳಿದವರಿಗೆ ಹೇಳುತ್ತಿದ್ದೆ. ಈಗ ಯೋಚಿಸಿದರೆ, ಯಾರೂ ಏನೂ ಕೇಳದ ಕಡೆ ಒಂದೆರಡು ತಾಸು ಸುಮ್ಮನೆ ಕೂರಲು ಅದೊಂದು ನೆಪವಾಗಿತ್ತೇನೋ ಅನಿಸುತ್ತದೆ.

ಆ ದಿನ ಅಕ್ಕನ ಮನೆಯಿಂದ ಜಗಳೂರಿಗೆ ಹೊರಟಿದ್ದೆ. ಹೊನ್ನಾಳಿಯ ಹೊರಗೆ ಒಂದು ಖಾನಾವಳಿಯ ಹಿಂದೆ ಚಾರ್ಜಿಂಗ್ ಪಾಯಿಂಟ್ ಇತ್ತು. ಅಲ್ಲಿದ್ದದ್ದು ಎರಡು ಗನ್ನು, ಅಂದರೆ ಕಾರಿಗೆ ಸಿಕ್ಕಿಸುವ ಹಿಡಿಕೆಯ ಪ್ಲಗ್ಗು. ಬೇಗ ಚಾರ್ಜ್ ಮಾಡುವ ದೊಡ್ಡ ಗನ್ನಿಗೆ ‘ಕೆಟ್ಟಿದೆ’ ಎಂದು ಬರೆದ ರಟ್ಟು ಕಟ್ಟಿದ್ದರು. ನಿಧಾನದ ಗನ್ನನ್ನು ನನ್ನ ಕಾರಿಗೆ ಸಿಕ್ಕಿಸಿ, ಒಳಗೆ ಹೋಗಿ ಮಂಡಕ್ಕಿ ಮೆಣಸಿನಕಾಯಿ ಹೇಳಿ, ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದೆ.

ಸ್ವಲ್ಪ ಹೊತ್ತಿಗೆ ಒಂದು ಬಿಳಿ ಎಲೆಕ್ಟ್ರಿಕ್ ಕಾರು ಬಂತು. ಮೂವತ್ತು ದಾಟಿದ ಮಗ, ಅವನ ತಾಯಿ. ತಾಯಿಯ ಮಡಿಲಲ್ಲಿ ಹಣ್ಣು, ಹೂವು, ಎಲೆ ಅಡಿಕೆ ತುಂಬಿದ ತಟ್ಟೆ, ಅದರ ಮೇಲೆ ಹೊಸ ಕರವಸ್ತ್ರ. ಮಗ ನನ್ನ ಕಾರನ್ನೂ ಅದಕ್ಕೆ ಸಿಕ್ಕಿಸಿದ್ದ ಗನ್ನನ್ನೂ ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತ. ಕಿಟಕಿಯಿಂದ ನನಗೆ ಕಾಣುತ್ತಿತ್ತು. ಎದ್ದು ಹೋದೆ.

ಅವರು ನ್ಯಾಮತಿ ಕಡೆಯವರು. ಜಗಳೂರು ದಾಟಿ ಸೊಕ್ಕೆಗೆ ಹೆಣ್ಣು ಕೇಳಲು ಹೊರಟಿದ್ದರು. ಹುಡುಗಿಯ ಸೋದರಮಾವ ಸಂಜೆ ಬಸ್ಸಿಗೆ ತಮ್ಮೂರಿಗೆ ಹೋಗುವವರು. ಅವರಿಲ್ಲದೆ ಆ ಮನೆಯಲ್ಲಿ ಮಾತು ಮುಂದುವರಿಯುವುದಿಲ್ಲ. ಹಿಂದೆ ಎರಡು ಕಡೆ ಮಾತು ಹೀಗೇ ಮುಂದಕ್ಕೆ ಹೋಗಿ ಹೋಗಿ ಮುರಿದಿತ್ತಂತೆ.

“ರಾತ್ರಿಯೆಲ್ಲ ಕರೆಂಟ್ ಇರಲಿಲ್ರಿ ಮೇಡಂ,” ಎಂದ ಮಗ. “ಬೆಳಿಗ್ಗೆ ಬಂತು. ಮಧ್ಯಾಹ್ನದ ತನಕ ಹಾಕಿದ್ರೆ ಸಾಕಾಗ್ತಿತ್ತು.”

“ಮತ್ತೆ?”

ಅವನು ತಾಯಿಯ ಕಡೆ ನೋಡಿದ.

“ಹತ್ತೂವರೆಗೆ ರಾಹುಕಾಲ ಹಿಡಿತೈತೆ ತಾಯಿ,” ಎಂದರು ಆಕೆ. “ಅದು ಹಿಡಿಯೋದ್ರೊಳಗೆ ಹೊಸ್ತಿಲು ದಾಟಬೇಕಲ್ರೀ. ಪ್ಲಗ್ ಕೀಳಪ್ಪ ಅಂದೆ, ಕಿತ್ತ. ರಾಹುಕಾಲ ಕಳೀಲಿ ಅಂತ ಊರ ಹೊರಗೆ ಹುಣಸೇಮರದಡಿ ಬಂದು ಕುಂತ್ವಿ. ಹನ್ನೆರಡು ಆದಮೇಲೆ ಹೊಂಟ್ವಿ.”

ಅಂದರೆ ಚಾರ್ಜ್ ಆಗಬಹುದಾಗಿದ್ದ ಅಷ್ಟೂ ಹೊತ್ತು ಕಾರು ಮರದ ಕೆಳಗೆ ನಿಂತಿತ್ತು. ಈಗ ಅದರಲ್ಲಿ ಉಳಿದದ್ದು ದಾವಣಗೆರೆಗೂ ಸಾಲದು.

ನನ್ನ ಕಾರಿನ ಗನ್ನು ತೆಗೆಯುತ್ತೇನೆ, ನೀವು ಹಾಕಿಕೊಳ್ಳಿ ಎಂದೆ. ತಾಯಿ ಕೈ ಅಡ್ಡ ಹಿಡಿದರು.

“ಬ್ಯಾಡ ಬ್ಯಾಡ. ಉಣ್ಣಾಕೆ ಕುಂತೋರನ್ನ ಎಬ್ಬಿಸಿದಂಗೆ ಆಗುತ್ತೆ. ಒಳ್ಳೆ ಕೆಲಸಕ್ಕೆ ಹೊಂಟೀವಿ.”

“ಇದು ಪೆಟ್ರೋಲಲ್ಲೂ ಓಡುತ್ತಮ್ಮ.”

“ನಮ್ಮ ಸಲುವಾಗಿ ಹಂಗಂತೀರಿ. ಪೆಟ್ರೋಲ್ ಐತೆ ಅಂದ್ಮೇಲೆ ಇಲ್ಲಿಗ್ಯಾಕೆ ಬರ್ತಿದ್ರಿ?”

ಇಂಜಿನ್ ಸದ್ದು ಕೇಳಿದರೆ ನಂಬುತ್ತಾರೆಂದು ಗನ್ನು ತೆಗೆದು ಸ್ಟಾರ್ಟ್ ಒತ್ತಿದೆ. ಬ್ಯಾಟರಿಯಲ್ಲಿ ಅಷ್ಟಿಷ್ಟು ಚಾರ್ಜ್ ಸೇರಿತ್ತಲ್ಲ, ಕಾರು ಸದ್ದೇ ಮಾಡಲಿಲ್ಲ. “ನೋಡ್ರಿ, ಹೇಳಿದ್ನಲ್ಲ,” ಎಂದರು ಆಕೆ. ಕೊನೆಗೆ ಟ್ಯಾಂಕಿನ ಮುಚ್ಚಳ ತೆಗೆದು ಕರೆದೆ. ಆಕೆ ಸೆರಗು ಹಿಡಿದುಕೊಂಡು ಬಗ್ಗಿ ಮೂಸಿದರು. “ಐತೆ ಕಣೋ!” ಎಂದು ಮಗನಿಗೆ ಹೇಳಿದರು.

ಅವರ ಕಾರಿಗೆ ಗನ್ನು ಸಿಕ್ಕಿಸಿದ ಮೇಲೆ ಇನ್ನೊಂದು ಸಮಸ್ಯೆ. ಸೊಕ್ಕೆ ಮುಟ್ಟುವಷ್ಟು ಚಾರ್ಜಿಗೆ ಸಂಜೆಯಾಗುತ್ತದೆ ಎಂದು ಪರದೆ ತೋರಿಸಿತು. ಮಗ ಫೋನು ತೆಗೆದ. ಬಾಡಿಗೆ ಕಾರಿಗೆ ಯಾರನ್ನೋ ಕೇಳಿದ, ಸಿಗಲಿಲ್ಲ. ನಾನು ಹೇಗೂ ಜಗಳೂರಿಗೆ ಹೋಗುವವಳು. ಬನ್ನಿ, ನಿಮ್ಮ ಕಾರು ಇಲ್ಲೇ ಇರಲಿ, ಸೊಕ್ಕೆ ತನಕ ಬಿಡುತ್ತೇನೆ ಎಂದೆ. ಇದನ್ನು ನಾನು ಕೂಡಲೇ ಹೇಳಿದೆನೋ ಅಥವಾ ಒಳಗೆ ಹೋಗಿ ಕಟ್ಟು ಕಟ್ಟಿಕೊಂಡು ಬಂದು ಹೇಳಿದೆನೋ ಖಚಿತವಿಲ್ಲ. ಕೂಡಲೇ ಹೇಳಿದೆ ಎಂದುಕೊಳ್ಳಲು ಇಷ್ಟ, ಅದಕ್ಕೇ ಅನುಮಾನ.

ಆಕೆ ಬೆರಳು ಮಡಚಿ ಎಣಿಸಿದರು. “ನೀವೂ ಸೇರಿದ್ರೆ ಮೂರು ಜನ ಆಗ್ತೀವಲ್ರೀ.” ಶುಭಕಾರ್ಯಕ್ಕೆ ಮೂವರು ಹೋಗಬಾರದು. ನಾನು ಏನಾದರೂ ಹೇಳುವ ಮೊದಲೇ ಖಾನಾವಳಿಯ ನಲ್ಲಿಯ ಬಳಿಯಿಂದ ಒಂದು ಕಲ್ಲು ಆರಿಸಿ ತೊಳೆದು ಹಿಂದಿನ ಸೀಟಿನಲ್ಲಿ ತಮ್ಮ ಪಕ್ಕ ಇಟ್ಟುಕೊಂಡರು. ಕಲ್ಲೂ ಸೇರಿ ನಾಲ್ಕಾಯಿತು. ಹೊರಟೆವು.

ದಾರಿಯುದ್ದಕ್ಕೂ ಮಾತಾಡಿದವರು ಆಕೆಯೇ. ಮಗ ಅಡಿಕೆ ತೋಟ ನೋಡಿಕೊಳ್ಳುತ್ತಾನೆ, ಸಂಭಾವಿತ, ಒಂದು ದಿನ ಎದುರು ಮಾತಾಡಿದವನಲ್ಲ. ನನ್ನ ಪಕ್ಕ ಕೂತಿದ್ದ ಸಂಭಾವಿತ ಕಿಟಕಿಯಾಚೆ ಮೆಕ್ಕೆಜೋಳ ನೋಡುತ್ತಿದ್ದ. ದಾವಣಗೆರೆ ಇನ್ನೂ ದೂರ ಇರುವಾಗಲೇ ಕಾರು ಪೆಟ್ರೋಲಿಗೆ ಹೊರಳಿತು. ಸದ್ದು ಕೇಳಿ ಆಕೆ ಸಮಾಧಾನದಿಂದ ಕಾಲು ಮಡಚಿ ಕೂತರು.

ಸೊಕ್ಕೆಯಲ್ಲಿ ಸೋದರಮಾವ ಚೀಲ ಹಿಡಿದು ಜಗಲಿಯ ಮೇಲೇ ನಿಂತಿದ್ದರು. ನಮ್ಮನ್ನು ಕಂಡು ಚೀಲ ಕೆಳಗಿಟ್ಟರು. ನನ್ನನ್ನೂ ಒಳಗೆ ಕರೆದು, ವರನ ಕಡೆಯ ಯಾರೋ ಎಂದುಕೊಂಡು ಚಾಪೆಯ ಮೇಲೆ ಕೂರಿಸಿ ಅವಲಕ್ಕಿ ಕೊಟ್ಟರು. ಹುಡುಗಿ ಚಹಾ ತಂದಳು. ಊರಿನ ಹಾಲಿನ ಡೇರಿಯಲ್ಲಿ ಕೆಲಸ ಮಾಡುತ್ತಾಳಂತೆ. ಲೋಟಗಳನ್ನು ಇಟ್ಟು ಒಳಗೆ ಹೋಗಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

“ನಿಮ್ಮ ಕಾರು ಬಿಳೀದು ಅಂದಿದ್ರಲ್ಲ?” ಎಂದಳು ನೇರ ಹುಡುಗನಿಗೆ.

ಅವನು ನಡೆದದ್ದನ್ನು ಹೇಳಿದ. ಅಮ್ಮ ನಡುವೆ ಬಾಯಿ ಹಾಕಿ ರಾಹುಕಾಲದ ಭಾಗವನ್ನು ತಾವೇ ಹೇಳಿದರು. ಸೋದರಮಾವ ತಲೆದೂಗಿದರು. ಹುಡುಗಿ ತಲೆದೂಗಲಿಲ್ಲ.

“ಪ್ಲಗ್ ಕೀಳುವಾಗ ಸಾಲಲ್ಲ ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಹೇಳಿದ್ರಾ?”

“ಇಲ್ಲ.”

“ಏನೇ ಇದು, ಬಂದೋರನ್ನ ಪೊಲೀಸ್ನೋರ ತರ ವಿಚಾರಿಸ್ತೀಯಾ,” ಎಂದು ಒಳಗಿನಿಂದ ಅವಳ ತಾಯಿ ಗದರಿದರು. “ನಾನೇ ಇರಾಕೆ ಹೋಗೋಳು, ನಾನಲ್ದೆ ಯಾರು ಕೇಳ್ಬೇಕು?” ಎಂದಳು ಅವಳು, ಅತ್ತ ತಿರುಗದೆ.

ಹುಡುಗನ ತಾಯಿಯ ಮುಖ ಬಿಗಿದಿತ್ತು. ಇಲ್ಲಿಗೆ ಮುಗಿಯಿತು ಎಂದುಕೊಂಡೆ ನಾನು. ಕೊನೆಗೆ ಸೋದರಮಾವ ಗಂಟಲು ಸರಿಮಾಡಿಕೊಂಡು, ನಮ್ಮ ಕಡೆಯಿಂದ ಬೇಡ ಅನ್ನೋ ಮಾತಿಲ್ಲ, ದಿನದ್ದು ನೋಡೋಣ ಎಂಬಂಥದ್ದೇನೋ ಹೇಳಿದರು. ಹುಡುಗನ ಅಮ್ಮ ಹಗುರಾದರು. “ನಾಳೆ ಬೆಳಿಗ್ಗೇನೇ ನಮ್ಮ ಅಯ್ನೋರ್ನ ಕೇಳಿ ದಿನ ತೆಗಿಸ್ತೀನಿ,” ಎಂದರು.

“ಅಮ್ಮ,” ಎಂದ ಮಗ, ಹುಡುಗಿಯ ಕಡೆ ನೋಡುತ್ತಾ. “ಮೊದ್ಲು ಇವರಿಗೆ ಯಾವಾಗ ಆಗುತ್ತೆ ಕೇಳಾನ. ಆಮೇಲೆ ಅಯ್ನೋರ್ನ ಕೇಳಾನ.”

ಆಕೆ ಅವನನ್ನೇ ನೋಡಿದರು. ನನಗೆ ಕತ್ತಲಾಗುವುದರೊಳಗೆ ಜಗಳೂರು ಸೇರಬೇಕಿತ್ತು. ವಾಪಸ್ ಬಸ್ಸಿಗೆ ಹೋಗುತ್ತೇವೆಂದು ಅವರು ಆಗಲೇ ಹೇಳಿದ್ದರು. ಕೈಮುಗಿದು ಎದ್ದು, ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ ಹಿಂದಿನಿಂದ “ಕೇಳಪ್ಪ, ಕೇಳು,” ಎಂಬ ಆಕೆಯ ಧ್ವನಿ ಬಂತು. ಅದರಲ್ಲಿ ಸಿಟ್ಟಿತ್ತೋ ಇಲ್ಲವೋ ಗೊತ್ತಾಗಲಿಲ್ಲ. ಆಗ ಆ ಹುಡುಗಿ ನಕ್ಕಳು ಎಂದು ಬರೆಯುವ ಆಸೆಯಾಗುತ್ತದೆ. ಆದರೆ ನಾನು ಅತ್ತ ತಿರುಗಿರಲಿಲ್ಲ.